ಹಳೆಯ ಡೆಸ್ಕ್‌ಟಾಪಿಗೆ ಹೊಸದರ ಜೊತೆ: ಕೆವಿಎಂ, ಗಿಗಾಬಿಟ್ ಸ್ವಿಚ್, ಸಾಂಬಾ ಕೆಲವು ವರ್ಷ ಬಳಸಿದ ಮೇಲೆ

ಹೊಸ ಕಂಪ್ಯೂಟರ್ ಬಂದ ಮೇಲೂ ಹಳೆಯ ಡೆಸ್ಕ್‌ಟಾಪನ್ನು ನಾನು ಮೂಲೆಗೆ ಹಾಕಲಿಲ್ಲ. ಎರಡನ್ನೂ ಜೋಡಿಸಿ ಕೆಲವು ವರ್ಷಗಳಿಂದ ದಿನವೂ ಬಳಸುತ್ತಿದ್ದೇನೆ. ಇದಕ್ಕೆ ಬೇಕಾದ ಸಾಮಾನು ಹೆಚ್ಚೇನಿಲ್ಲ. ಐದು ಪೋರ್ಟಿನ ಸಾದಾ ಗಿಗಾಬಿಟ್ ಸ್ವಿಚ್ ಒಂದು, ಒಂದಷ್ಟು ಕ್ಯಾಟ್ 5ಇ ಕೇಬಲ್, ಹಳೆಯ ಯಂತ್ರಕ್ಕೊಂದು ಗಿಗಾಬಿಟ್ ಲ್ಯಾನ್ ಕಾರ್ಡ್, ಒಂದೇ ಮಾನಿಟರು, ಕೀಬೋರ್ಡು, ಮೌಸನ್ನು ಎರಡೂ ಕಡೆಗೆ ಹಂಚುವ ಎರಡು ಪೋರ್ಟಿನ ಕೆವಿಎಂ ಸ್ವಿಚ್ ಒಂದು. ಉಳಿದಿದ್ದೆಲ್ಲ ಉಚಿತ ಸಾಫ್ಟ್‌ವೇರ್, ಅದರಲ್ಲಿ ಮುಖ್ಯವಾದದ್ದು ಫೋಲ್ಡರ್ ಹಂಚಲು ಬಳಸುವ ಸಾಂಬಾ.

ಕೊಂಡ ವಾರದಲ್ಲೇ ಬರೆಯುವ ವಿಮರ್ಶೆಯಲ್ಲಿ ಇಂಥ ಜೋಡಣೆಯ ಗುಣ ಗೊತ್ತಾಗುವುದಿಲ್ಲ. ಮೊದಲ ದಿನ ಎಲ್ಲವೂ ಕೆಲಸ ಮಾಡುತ್ತದೆ. ವಿಂಡೋಸ್ ದೊಡ್ಡ ಅಪ್‌ಡೇಟ್ ಆಗಿ ಎದ್ದ ಮಾರನೆಯ ದಿನವೂ ಹಂಚಿದ ಫೋಲ್ಡರ್ ತೆರೆಯುತ್ತದೆಯೇ ಅನ್ನುವುದೇ ನಿಜವಾದ ಪರೀಕ್ಷೆ. ನನ್ನ ಜೋಡಣೆ ಈ ಪರೀಕ್ಷೆಯಲ್ಲಿ ಪಾಸಾಗಿದೆ. ಅದರ ಶ್ರೇಯಸ್ಸು ಸಾಮಾನಿಗಿಂತ ಹೆಚ್ಚಾಗಿ ಶುರುವಿನಲ್ಲೇ ತೆಗೆದುಕೊಂಡ ಒಂದು ನಿರ್ಧಾರಕ್ಕೆ ಸಲ್ಲಬೇಕು: ಹೊಸ ಕಂಪ್ಯೂಟರಿನ ಭದ್ರತೆಯನ್ನು ಹಳೆಯದಕ್ಕಾಗಿ ಸಡಿಲಿಸುವುದಿಲ್ಲ, ಹಳೆಯದನ್ನೇ ಮೇಲಕ್ಕೆ ತರುವುದು. ಇದನ್ನು ಮುಂದೆ ಬಿಡಿಸಿ ಹೇಳುತ್ತೇನೆ.

ಹಳೆಯದು ಕೋರ್ 2 ಡ್ಯುಯೊ ಕಾಲದ ಯಂತ್ರ, ಬಂದಾಗ ಅದರಲ್ಲಿದ್ದದ್ದು ವಿಂಡೋಸ್ ಎಕ್ಸ್‌ಪಿ. ಹೊಸದರಲ್ಲಿ ವಿಂಡೋಸ್ 11 ಪ್ರೊ ಇದೆ. ಹಳೆಯದನ್ನು ಉಳಿಸಿಕೊಳ್ಳಲು ಮುಖ್ಯ ಕಾರಣ ಸ್ಕ್ಯಾನರ್. ಅದರ ತಯಾರಕರು ಕೊಟ್ಟ ಡ್ರೈವರ್ 32 ಬಿಟ್ ವಿಂಡೋಸಿಗೆ ಮಾತ್ರ. ವಿಂಡೋಸ್ 11 ಬರುವುದೇ 64 ಬಿಟ್ಟಿನಲ್ಲಿ, ಅದು 32 ಬಿಟ್ ಡ್ರೈವರನ್ನು ಒಪ್ಪುವುದೇ ಇಲ್ಲ. ಗಾಜು, ಮೋಟಾರು, ದೀಪ ಎಲ್ಲ ಗಟ್ಟಿಯಾಗಿರುವ ಸ್ಕ್ಯಾನರನ್ನು ಡ್ರೈವರ್ ಇಲ್ಲ ಅಂತ ಗುಜರಿಗೆ ಹಾಕಲು ನನಗೆ ಮನಸ್ಸು ಬರಲಿಲ್ಲ. ಜೊತೆಗೆ ಹಳೆಯ ಡಬ್ಬಿಯೊಳಗೆ ಹಾರ್ಡ್ ಡಿಸ್ಕ್ ಕೂರಿಸಲು ಸಾಕಷ್ಟು ಜಾಗವಿದೆ. ಈಗಿನ ಸಣ್ಣ ಡಬ್ಬಿಗಳಲ್ಲಿ ಅದೇ ಇಲ್ಲ.

ಮೊದಲು ಕೇಬಲಿನ ಮಾತು. ಎರಡು ಕಂಪ್ಯೂಟರಿನ ನಡುವೆ ನೇರವಾಗಿ ಒಂದು ಲ್ಯಾನ್ ಕೇಬಲ್ ಎಳೆದರೂ ಸಂಪರ್ಕ ಆಗುತ್ತದೆ. 100 ಎಂಬಿಪಿಎಸ್ ಕಾಲದಲ್ಲಿ ಇದಕ್ಕೆ ಕ್ರಾಸ್‌ಓವರ್ ಕೇಬಲ್ ಅಂತ ಬೇರೆಯೇ ಬೇಕಿತ್ತು. ಈಗಿನ ಗಿಗಾಬಿಟ್ ಪೋರ್ಟುಗಳು ತಂತಿಗಳ ಅದಲುಬದಲನ್ನು ತಾವೇ ಮಾಡಿಕೊಳ್ಳುತ್ತವೆ, ಸಾದಾ ಕೇಬಲ್ ಸಾಕು. ಆದರೂ ನೇರ ಕೇಬಲನ್ನು ನಾನು ಶಿಫಾರಸು ಮಾಡುವುದಿಲ್ಲ. ವಿಳಾಸ ಹಂಚಲು ರೂಟರ್ ಇಲ್ಲದಿದ್ದಾಗ ಎರಡೂ ಯಂತ್ರಗಳು 169.254 ಅಂತ ಶುರುವಾಗುವ ವಿಳಾಸವನ್ನು ತಾವೇ ಹಾಕಿಕೊಳ್ಳುತ್ತವೆ. ಗೇಟ್‌ವೇ, ಅಂದರೆ ಹೊರಗಿನ ನೆಟ್‌ವರ್ಕಿಗೆ ದಾರಿ ಕೊಡುವ ರೂಟರ್, ಕಾಣದ ಕಾರಣ ವಿಂಡೋಸ್ ಇದನ್ನು ‘ಗುರುತಿಸಲಾಗದ ನೆಟ್‌ವರ್ಕ್’ ಅಂದುಕೊಂಡು ಸಾರ್ವಜನಿಕ ಗುಂಪಿಗೆ ಸೇರಿಸುತ್ತದೆ. ಆ ಗುಂಪಿನಲ್ಲಿ ಫೈರ್‌ವಾಲ್ ಫೈಲ್ ಹಂಚಿಕೆಯನ್ನು ಮುಚ್ಚಿಡುತ್ತದೆ. ಕೇಬಲಿನ ದೀಪ ಮಿನುಗುತ್ತಿರುತ್ತದೆ, ಫೋಲ್ಡರ್ ಮಾತ್ರ ಕಾಣುವುದಿಲ್ಲ. ಎರಡನ್ನೂ ಗಿಗಾಬಿಟ್ ಸ್ವಿಚ್ಚಿಗೆ ಹಾಕಿ, ಸ್ವಿಚ್ಚಿನಿಂದ ರೂಟರಿಗೆ ಒಂದು ಕೇಬಲ್ ಕೊಟ್ಟರೆ ಈ ತಲೆನೋವೇ ಇಲ್ಲ. ನೆಟ್‌ವರ್ಕನ್ನು ‘ಖಾಸಗಿ’ ಅಂತ ಗುರುತು ಮಾಡಿ, ಹಳೆಯ ಯಂತ್ರಕ್ಕೆ ಯಾವಾಗಲೂ ಒಂದೇ ವಿಳಾಸ ಸಿಗುವಂತೆ ರೂಟರಿನಲ್ಲಿ ಕಾಯ್ದಿರಿಸಿಬಿಡಿ. ಈ ಸಣ್ಣ ಸ್ವಿಚ್ಚಿನ ಬಗ್ಗೆ ದೂರು ಹೇಳಲು ನನ್ನ ಹತ್ತಿರ ಏನೂ ಇಲ್ಲ. ಫ್ಯಾನ್ ಇಲ್ಲ, ಸದ್ದಿಲ್ಲ, ಹೊಂದಿಸಬೇಕಾದ್ದು ಏನೂ ಇಲ್ಲ.

ಯುಎಸ್‌ಬಿಯಿಂದ ಯುಎಸ್‌ಬಿಗೆ ಕೇಬಲ್ ಹಾಕಿ ಮುಗಿಸಬಾರದೇ ಅಂತ ಕೇಳುವವರಿದ್ದಾರೆ. ಎರಡೂ ತುದಿಯಲ್ಲಿ ಚಪ್ಪಟೆ ಪ್ಲಗ್ ಇರುವ ಸಾದಾ ಯುಎಸ್‌ಬಿ ಕೇಬಲನ್ನು ಎರಡು ಕಂಪ್ಯೂಟರಿನ ನಡುವೆ ಹಾಕಲೇಬೇಡಿ. ಎರಡೂ ಕಡೆಯಿಂದ 5 ವೋಲ್ಟ್ ಬಂದು ಪೋರ್ಟ್ ಹಾಳಾಗುವ ಅಪಾಯವಿದೆ. ಇದಕ್ಕೆಂದೇ ನಡುವೆ ಚಿಪ್ ಇರುವ ಕೇಬಲ್‌ಗಳು ಸಿಗುತ್ತವೆ. ಒಂದು ಸಲ ಫೈಲುಗಳನ್ನು ಸಾಗಿಸಲು ಅವು ಸರಿ, ದಿನನಿತ್ಯದ ಹಂಚಿಕೆಗೆ ಲ್ಯಾನೇ ಮೇಲು.

ವೇಗದ ವಿಷಯದಲ್ಲಿ ಲ್ಯಾನ್ ಕಾರ್ಡ್ ಕೊಟ್ಟ ಲಾಭ ಎದ್ದು ಕಾಣುತ್ತದೆ. ಹಳೆಯ ಮದರ್‌ಬೋರ್ಡಿನಲ್ಲಿದ್ದ ಪೋರ್ಟ್ 100 ಎಂಬಿಪಿಎಸ್‌ನದು. ಲೆಕ್ಕದ ಪ್ರಕಾರ ಅದು ಸೆಕೆಂಡಿಗೆ 12.5 ಮೆಗಾಬೈಟ್, ಕೈಗೆ ಸಿಗುವುದು ಸುಮಾರು 11. ಹತ್ತು ಗಿಗಾಬೈಟಿನ ಒಂದು ವಿಡಿಯೊ ಸಾಗಿಸಲು ಕಾಲು ಗಂಟೆ ಬೇಕು. ಗಿಗಾಬಿಟ್ ಕಾರ್ಡ್ ಹಾಕಿದ ಮೇಲೆ ಕೇಬಲಿನ ಮಿತಿ 110ರ ಹತ್ತಿರಕ್ಕೆ ಏರುತ್ತದೆ, ಆಗ ತಡೆಯುವುದು ಹಳೆಯ ಹಾರ್ಡ್ ಡಿಸ್ಕಿನ ವೇಗ. ಹಾಗಿದ್ದರೂ ಅದೇ ಫೈಲ್ ಎರಡು ಮೂರು ನಿಮಿಷದಲ್ಲಿ ಮುಗಿಯುತ್ತದೆ. ಕಾರ್ಡ್ ಕೊಳ್ಳುವಾಗ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿನದನ್ನೇ ಆರಿಸಿ. ಹಳೆಯ ಪಿಸಿಐ ಸ್ಲಾಟಿನ ಸೆಕೆಂಡಿಗೆ 133 ಮೆಗಾಬೈಟನ್ನು ಆ ಬಸ್ಸಿನಲ್ಲಿರುವ ಎಲ್ಲ ಕಾರ್ಡುಗಳೂ ಹಂಚಿಕೊಳ್ಳಬೇಕು.

ಈಗ ಆ ನಿರ್ಧಾರದ ಮಾತು. ವಿಂಡೋಸ್ ಕಂಪ್ಯೂಟರುಗಳು ಫೋಲ್ಡರ್ ಹಂಚಿಕೊಳ್ಳುವ ಭಾಷೆಯ ಹೆಸರು ಎಸ್‌ಎಂಬಿ. ಎಕ್ಸ್‌ಪಿಗೆ ಅದರ ಮೊದಲ ಆವೃತ್ತಿ ಮಾತ್ರ ಗೊತ್ತು, ಎರಡನೆಯದು ಬಂದದ್ದು ವಿಸ್ತಾದ ಜೊತೆ. 2017ರ ಮೇ ತಿಂಗಳಿನಲ್ಲಿ ಲೋಕವನ್ನೆಲ್ಲ ನಡುಗಿಸಿದ, ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವಾನ್ನಾಕ್ರೈ ಕುತಂತ್ರಾಂಶ ಹರಡಿದ್ದು ಈ ಮೊದಲ ಆವೃತ್ತಿಯ ಬಿರುಕಿನ ಮೂಲಕವೇ. ಅದೇ ವರ್ಷದ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 10ರ 1709 ಆವೃತ್ತಿಯಿಂದ ಮೈಕ್ರೋಸಾಫ್ಟ್ ಅದನ್ನು ತಾನಾಗಿ ಹಾಕುವುದನ್ನೇ ನಿಲ್ಲಿಸಿತು. ಹಾಗಾಗಿ ಎಕ್ಸ್‌ಪಿ ಯಂತ್ರವನ್ನೂ ಹೊಸ ವಿಂಡೋಸನ್ನೂ ಎದುರುಬದುರು ಇಟ್ಟರೆ ಒಂದಕ್ಕೊಂದು ಮಾತೇ ಆಡುವುದಿಲ್ಲ.

ಇಲ್ಲಿ ಬಹಳ ಜನ ಹೇಳಿಕೊಡುವ ಉಪಾಯ, ಹೊಸ ಕಂಪ್ಯೂಟರಿನ ‘ವಿಂಡೋಸ್ ಫೀಚರ್ಸ್’ ಪಟ್ಟಿಗೆ ಹೋಗಿ ಎಸ್‌ಎಂಬಿ 1ಕ್ಕೆ ಟಿಕ್ ಹಾಕುವುದು. ಒಂದೇ ನಿಮಿಷದ ಕೆಲಸ, ಫೋಲ್ಡರ್ ಕೂಡಲೇ ತೆರೆದುಕೊಳ್ಳುತ್ತದೆ. ದಯವಿಟ್ಟು ಹೀಗೆ ಮಾಡಬೇಡಿ. 2014ರ ಏಪ್ರಿಲ್ 8ಕ್ಕೇ ಬೆಂಬಲ ನಿಂತುಹೋದ ಒಂದು ವ್ಯವಸ್ಥೆಗೋಸ್ಕರ, ನಿಮ್ಮ ಬ್ಯಾಂಕ್ ಖಾತೆ, ಫೋಟೊ, ಕಚೇರಿ ಕಡತ ಎಲ್ಲ ಇರುವ ಯಂತ್ರದ ಬಾಗಿಲನ್ನು ತೆರೆದಿಟ್ಟಂತೆ ಅದು.

ನಾನು ಮಾಡಿದ್ದು ಇಷ್ಟು: ಹಳೆಯ ಯಂತ್ರದಲ್ಲಿದ್ದ ಫೈಲುಗಳನ್ನು ಹೊರಗಿನ ಡಿಸ್ಕಿಗೆ ತೆಗೆದಿಟ್ಟು, ಎಕ್ಸ್‌ಪಿಯನ್ನು ಅಳಿಸಿ ಡೆಬಿಯನ್ ಲಿನಕ್ಸ್ ಹಾಕಿ, ಅದರ ಮೇಲೆ ಸಾಂಬಾ ಹಾಕಿದೆ. ವಿಂಡೋಸಿನ ಫೈಲ್ ಹಂಚಿಕೆಯ ಭಾಷೆಯನ್ನು ಲಿನಕ್ಸಿನಲ್ಲಿ ಮಾತನಾಡುವ ಈ ಸಾಫ್ಟ್‌ವೇರನ್ನು ಆಂಡ್ರ್ಯೂ ಟ್ರಿಡ್ಜೆಲ್ ಶುರು ಮಾಡಿದ್ದು 1990ರ ದಶಕದ ಮೊದಲ ವರ್ಷಗಳಲ್ಲಿ, ಇಂದಿಗೂ ಅದು ಚುರುಕಾಗಿ ಬೆಳೆಯುತ್ತಿದೆ. 2019ರ 4.11 ಆವೃತ್ತಿಯಿಂದ ಸಾಂಬಾ ಕೂಡ ಎಸ್‌ಎಂಬಿ 1ನ್ನು ತಾನಾಗಿ ಬಳಸುವುದಿಲ್ಲ. ಹೀಗೆ ಹದಿನೈದು ವರ್ಷ ದಾಟಿದ ಯಂತ್ರವೂ ಇವತ್ತಿನ ಭಾಷೆಯನ್ನೇ ಆಡುತ್ತದೆ. ಎರಡು ಗಿಗಾಬೈಟ್ ರ್‍ಯಾಮ್ ಇದ್ದರೂ ಈ ಕೆಲಸಕ್ಕೆ ಧಾರಾಳ.

ವಿಂಡೋಸ್ 11ರ 24ಎಚ್2 ಅಪ್‌ಡೇಟ್ ಬಂದಾಗ ಈ ನಿರ್ಧಾರದ ಬೆಲೆ ಗೊತ್ತಾಯಿತು. ಅದರಲ್ಲಿ ಪ್ರೊ ಆವೃತ್ತಿಗೆ ಎಸ್‌ಎಂಬಿ ಸಹಿ (ಸಂದೇಶವನ್ನು ದಾರಿಯಲ್ಲಿ ಯಾರೂ ತಿದ್ದಿಲ್ಲ ಅಂತ ಖಾತ್ರಿಪಡಿಸುವ ಗುರುತು) ಕಡ್ಡಾಯವಾಯಿತು, ಪಾಸ್‌ವರ್ಡ್ ಇಲ್ಲದೆ ಅತಿಥಿಯಾಗಿ ಒಳಹೋಗುವ ದಾರಿ ಮುಚ್ಚಿತು. ‘ಎಲ್ಲರಿಗೂ ತೆರೆದಿದೆ’ ಅಂತ ಫೋಲ್ಡರ್ ಹಂಚಿಕೊಂಡಿದ್ದವರ ಜೋಡಣೆಗಳು ಅಲ್ಲಿಗೆ ನಿಂತವು. ಸಾಂಬಾಗೆ ಈ ಸಹಿ ಹಾಕಲು ಬರುತ್ತದೆ. ನಾನು ಮೊದಲಿನಿಂದಲೂ ಹೆಸರು, ಪಾಸ್‌ವರ್ಡ್ ಕೊಟ್ಟೇ ಹಂಚಿದ ಫೋಲ್ಡರನ್ನು ಹೊಸ ಕಂಪ್ಯೂಟರಿನಲ್ಲಿ ಒಂದು ಡ್ರೈವಿನಂತೆ ಕಾಣುವ ಹಾಗೆ ಮ್ಯಾಪ್ ಮಾಡಿಕೊಂಡಿದ್ದೆ. ಅಪ್‌ಡೇಟ್ ಮುಗಿದು ಎದ್ದ ಕಂಪ್ಯೂಟರಿನಲ್ಲಿ ಡ್ರೈವ್ ಇದ್ದಲ್ಲೇ ಇತ್ತು.

ಸಾಂಬಾದ ಪಾಸ್‌ವರ್ಡ್ ಪಟ್ಟಿ ಲಿನಕ್ಸಿನ ಪಟ್ಟಿಗಿಂತ ಬೇರೆ ಅನ್ನುವುದು ನೆನಪಿರಲಿ, ಬಳಕೆದಾರರನ್ನು ಅಲ್ಲೂ ಸೇರಿಸಬೇಕು. ಎರಡೂ ಕಡೆ ವಿಂಡೋಸೇ ಇಟ್ಟುಕೊಳ್ಳುವವರು ಇನ್ನೊಂದನ್ನು ಗಮನಿಸಿ: ಲಾಗಿನ್ ಆಗಲು ಬಳಸುವ ನಾಲ್ಕಂಕಿಯ ಪಿನ್ ನೆಟ್‌ವರ್ಕಿನಲ್ಲಿ ನಡೆಯುವುದಿಲ್ಲ, ಖಾತೆಯ ನಿಜವಾದ ಪಾಸ್‌ವರ್ಡೇ ಬೇಕು.

ಕನ್ನಡದಲ್ಲಿ ಫೈಲಿಗೆ ಹೆಸರಿಡುವವರಿಗೆಂದೇ ಒಂದು ಸೂಕ್ಷ್ಮ. ವಿಂಡೋಸ್ ಡಿಸ್ಕಿನಲ್ಲಿ ಫೈಲುಗಳನ್ನು ಇಡುವ ಪದ್ಧತಿಯಾದ ಎನ್‌ಟಿಎಫ್‌ಎಸ್‌ನಲ್ಲಿ ಹೆಸರಿನ ಮಿತಿ 255 ಸಂಕೇತ, ಕನ್ನಡದ್ದಾದರೂ ಇಂಗ್ಲಿಷಿನದಾದರೂ ಒಂದೇ ಲೆಕ್ಕ. ಲಿನಕ್ಸಿನ ಅಂಥದೇ ಪದ್ಧತಿಯಾದ ಇಎಕ್ಸ್‌ಟಿ4ನಲ್ಲಿ ಮಿತಿ 255 ಬೈಟ್. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು, ಅಂದರೆ 85 ಸಂಕೇತಕ್ಕೆ ಜಾಗ ಮುಗಿಯಿತು. ಅದರಲ್ಲೂ ‘ಸ್ತ್ರೀ’ ಅನ್ನುವ ಒಂದೇ ಅಕ್ಷರ ಸ, ವಿರಾಮ (ಒತ್ತಕ್ಷರ ಮಾಡುವ ಗುರುತು), ತ, ವಿರಾಮ, ರ, ಈಕಾರ ಅಂತ ಆರು ಸಂಕೇತ, ಹದಿನೆಂಟು ಬೈಟ್. ಲೇಖನದ ಪೂರ್ತಿ ಶೀರ್ಷಿಕೆಯನ್ನೇ ಫೈಲಿನ ಹೆಸರಾಗಿ ಇಡುವವರಿಗೆ ವಿಂಡೋಸಿನಲ್ಲಿ ಚೆನ್ನಾಗಿದ್ದ ಫೈಲು ಹಂಚಿದ ಫೋಲ್ಡರಿಗೆ ಕಾಪಿಯಾಗದೆ ನಿಲ್ಲಬಹುದು. ಡಿಸ್ಕ್ ಹಾಳಾಗಿದೆ ಅಂತ ಗಾಬರಿಯಾಗಬೇಡಿ, ಹೆಸರನ್ನು ಗಿಡ್ಡ ಮಾಡಿ ನೋಡಿ. ಉಳಿದಂತೆ ಕನ್ನಡದ ಹೆಸರುಗಳು ಎರಡೂ ಕಡೆ ಒಂದೇ ಥರ ಚೊಕ್ಕವಾಗಿ ಕಾಣುತ್ತವೆ.

ಸ್ಕ್ಯಾನರ್ ಲಿನಕ್ಸಿನಲ್ಲಿ ‘ಸೇನ್’ ಅನ್ನುವ ತಂತ್ರಾಂಶದ ಮೂಲಕ ನಡೆಯುತ್ತದೆ. ವಿಂಡೋಸ್ ಕೈಬಿಟ್ಟ ಎಷ್ಟೋ ಹಳೆಯ ಮಾಡೆಲ್‌ಗಳು ಅದರ ಪಟ್ಟಿಯಲ್ಲಿ ಇನ್ನೂ ಇವೆ. ಎಲ್ಲವೂ ಇಲ್ಲ, ಹಾಗಾಗಿ ಎಕ್ಸ್‌ಪಿ ಅಳಿಸುವ ಮೊದಲೇ ನಿಮ್ಮ ಮಾಡೆಲ್ ಹುಡುಕಿಕೊಳ್ಳಿ. ಸ್ಕ್ಯಾನರಿನ ಸಾಫ್ಟ್‌ವೇರನ್ನು ಹೊಸ ಯಂತ್ರದಲ್ಲಿ ಹಾಕುವ ಗೋಜಿಗೇ ನಾನು ಹೋಗಿಲ್ಲ. ಸ್ಕ್ಯಾನ್ ಆದದ್ದು ಹಂಚಿದ ಫೋಲ್ಡರಿಗೆ ಬಂದು ಬೀಳುತ್ತದೆ, ಹೊಸ ಕಂಪ್ಯೂಟರಿನಲ್ಲಿ ತೆರೆದುಕೊಳ್ಳುತ್ತೇನೆ. ಪ್ರಿಂಟರನ್ನು ಹಳೆಯ ಯಂತ್ರದಲ್ಲಿರುವ, ಲಿನಕ್ಸಿನ ಮುದ್ರಣ ತಂತ್ರಾಂಶವಾದ ಕಪ್ಸ್ ಮೂಲಕ ಹಂಚಿದ್ದೇನೆ, ಅದೂ ತಕರಾರಿಲ್ಲದೆ ನಡೆಯುತ್ತಿದೆ.

ಇನ್ನು ಕೆವಿಎಂ. ಈ ಇಡೀ ಸಲಕರಣೆಯಲ್ಲಿ ನೋಡಿ, ಕೇಳಿ, ಎರಡು ಸಲ ಯೋಚಿಸಿ ಕೊಳ್ಳಬೇಕಾದ ಸಾಮಾನು ಇದೊಂದೇ. ಕೆಲಸವೇನೋ ಸರಳ, ಸ್ಕ್ರೋಲ್ ಲಾಕ್ ಕೀಯನ್ನು ಎರಡು ಸಲ ಒತ್ತಿದರೆ ಪರದೆ, ಕೀಬೋರ್ಡು, ಮೌಸು ಇನ್ನೊಂದು ಯಂತ್ರಕ್ಕೆ ಹೋಗುತ್ತವೆ. ಅದರ ಒಳಗಿನ ಗುಟ್ಟು ಇಡಿಐಡಿ. ಮಾನಿಟರ್ ತನ್ನ ಅಳತೆ, ರೆಸೊಲ್ಯೂಷನ್ ಏನೆಂದು ಕಂಪ್ಯೂಟರಿಗೆ ತಿಳಿಸುವ ಮಾಹಿತಿ ಇದು. ಅಗ್ಗದ ಕೆವಿಎಂಗಳು ಪರದೆಯನ್ನು ಆಚೆ ತಿರುಗಿಸಿದ ಕೂಡಲೇ ಈಚೆಯ ಕಂಪ್ಯೂಟರಿಗೆ ಈ ಮಾಹಿತಿ ತಪ್ಪಿಹೋಗುತ್ತದೆ. ಮಾನಿಟರನ್ನು ಕಿತ್ತುಬಿಟ್ಟರೇನೋ ಅಂದುಕೊಂಡು ಅದು ತೆರೆದ ಕಿಟಕಿಗಳನ್ನೆಲ್ಲ ಸಣ್ಣ ಮೂಲೆಗೆ ತಳ್ಳುತ್ತದೆ. ಮರಳಿ ಬಂದಾಗ ಎಲ್ಲವನ್ನೂ ಮತ್ತೆ ಜೋಡಿಸಿಕೊಳ್ಳಬೇಕು. ಇಡಿಐಡಿ ಎಮ್ಯುಲೇಶನ್ ಇರುವ ಕೆವಿಎಂ ಎರಡೂ ಯಂತ್ರಕ್ಕೆ ‘ಮಾನಿಟರ್ ಇದ್ದೇ ಇದೆ’ ಅಂತ ಹೇಳುತ್ತಲೇ ಇರುತ್ತದೆ. ನನ್ನಲ್ಲಿರುವುದು ಅಂಥದ್ದು, ಇಷ್ಟು ಕಾಲದಲ್ಲಿ ಕಿಟಕಿಗಳು ಅಲುಗಿಲ್ಲ. ಡಬ್ಬಿಯ ಮೇಲೆ ಈ ಮಾತು ಬರೆದಿಲ್ಲದಿದ್ದರೆ ಕೊಳ್ಳಬೇಡಿ.

ಹಳೆಯ ಯಂತ್ರದ ಪರದೆ ಪೋರ್ಟ್ ಯಾವುದೆಂದೂ ನೋಡಿಕೊಳ್ಳಿ. ಡಿವಿಐ ಡಿಜಿಟಲ್ ಆಗಿದ್ದರೆ ಸಾದಾ ಅಡಾಪ್ಟರ್ ಹಾಕಿ ಎಚ್‌ಡಿಎಂಐಗೆ ಹೋಗಬಹುದು. ವಿಜಿಎ ಅನಲಾಗ್ ಆದ್ದರಿಂದ ಅದಕ್ಕೆ ವಿದ್ಯುತ್ ಬೇಡುವ ಪರಿವರ್ತಕವೇ ಬೇಕು. ಹೊಸ ಮಾನಿಟರ್ 4ಕೆ ಆಗಿದ್ದರೆ ಎಚ್‌ಡಿಎಂಐ 1.4ರ ಕೆವಿಎಂ ಬೇಡ. ಅದರಲ್ಲಿ 4ಕೆ ಸಿಗುವುದು 30 ಹರ್ಟ್ಜ್‌ನಲ್ಲಿ, ಮೌಸಿನ ಬಾಣ ಎಳೆದಾಡಿದ ಹಾಗೆ ಕಾಣುತ್ತದೆ. 2.0 ಆದರೆ 60 ಹರ್ಟ್ಜ್ ಬರುತ್ತದೆ. ನನ್ನ ಕೆವಿಎಂನ ಬಗ್ಗೆ ಇರುವ ಬೇಸರ ಅದರ ಕೀಬೋರ್ಡ್ ಪೋರ್ಟು. ಹೆಚ್ಚುವರಿ ಗುಂಡಿಗಳಿರುವ ಕೀಬೋರ್ಡ್ ಹಾಕಿದರೆ ಸದ್ದು ಹೆಚ್ಚಿಸುವ, ತಗ್ಗಿಸುವ ಗುಂಡಿಗಳು ಸತ್ತೇಹೋಗುತ್ತವೆ. ಸಾದಾ ಕೀಬೋರ್ಡಿಗೆ ಏನೂ ತೊಂದರೆಯಿಲ್ಲ.

ಎರಡು ಮಾನಿಟರ್ ಇರುವವರಿಗೆ ಕೆವಿಎಂ ಬೇಕಾಗದಿರಬಹುದು. ಎರಡೂ ಕಡೆ ವಿಂಡೋಸ್ 10 ಅಥವಾ 11 ಇದ್ದರೆ ಮೈಕ್ರೋಸಾಫ್ಟಿನ ಪವರ್‌ಟಾಯ್ಸ್‌ನಲ್ಲಿರುವ ‘ಮೌಸ್ ವಿದೌಟ್ ಬಾರ್ಡರ್ಸ್’, ಒಂದು ಕಡೆ ಲಿನಕ್ಸ್ ಇದ್ದರೆ ‘ಇನ್‌ಪುಟ್ ಲೀಪ್’. ಮೌಸನ್ನು ಪರದೆಯ ಅಂಚಿಗೆ ಒಯ್ದರೆ ಪಕ್ಕದ ಕಂಪ್ಯೂಟರಿಗೆ ದಾಟುತ್ತದೆ, ಇಲ್ಲಿ ಕಾಪಿ ಮಾಡಿದ ಸಾಲನ್ನು ಅಲ್ಲಿ ಪೇಸ್ಟ್ ಮಾಡಬಹುದು. ಆದರೆ ವಿಂಡೋಸ್ ಅಥವಾ ಲಿನಕ್ಸ್ ಶುರುವಾಗುವ ಮೊದಲು ಬರುವ ಬಯಾಸ್ ಸೆಟ್ಟಿಂಗುಗಳ ಪರದೆಯಲ್ಲಿ ಇವು ಕೆಲಸ ಮಾಡುವುದಿಲ್ಲ, ಅಲ್ಲಿಗೆ ಕೇಬಲಿನ ಕೀಬೋರ್ಡೇ ಬೇಕು.

ಕರೆಂಟ್ ಖರ್ಚನ್ನು ಮರೆಯುವಂತಿಲ್ಲ. ಇಂಥ ಹಳೆಯ ಡೆಸ್ಕ್‌ಟಾಪ್ ಸುಮ್ಮನೆ ಕೂತಾಗಲೇ 70 ವ್ಯಾಟ್ ಆಸುಪಾಸು ಎಳೆಯುತ್ತದೆ. ಇಪ್ಪತ್ತನಾಲ್ಕು ಗಂಟೆ ಬಿಟ್ಟರೆ ದಿನಕ್ಕೆ 1.68 ಯೂನಿಟ್, ತಿಂಗಳಿಗೆ 50 ಯೂನಿಟ್ ಮೇಲೆ. ಇದಕ್ಕೆ ಮದ್ದು ವೇಕ್ ಆನ್ ಲ್ಯಾನ್. ಮಲಗಿರುವ ಯಂತ್ರದ ಲ್ಯಾನ್ ಕಾರ್ಡಿಗೆ 102 ಬೈಟಿನ ಒಂದು ಸಂದೇಶ ಕಳಿಸಿದರೆ ಅದು ಏಳುತ್ತದೆ. ಆ ಸಂದೇಶದಲ್ಲಿ ಮೊದಲು ಎಲ್ಲ ಬಿಟ್ಟುಗಳೂ ಒಂದಾಗಿರುವ ಆರು ಬೈಟ್, ಆಮೇಲೆ ಆ ಕಾರ್ಡಿಗೇ ವಿಶಿಷ್ಟವಾದ ಗುರುತಿನ ಸಂಖ್ಯೆ, ಅಂದರೆ ಮ್ಯಾಕ್ ವಿಳಾಸ, ಹದಿನಾರು ಸಲ. ಬಯಾಸಿನಲ್ಲೂ ಲಿನಕ್ಸಿನಲ್ಲೂ ಇದನ್ನು ಚಾಲೂ ಮಾಡಿಟ್ಟುಕೊಂಡಿದ್ದೇನೆ. ಸ್ಕ್ಯಾನ್ ಬೇಕಾದಾಗ ಹೊಸ ಕಂಪ್ಯೂಟರಿನ ಒಂದು ಐಕಾನ್ ಒತ್ತುತ್ತೇನೆ, ಹಳೆಯದು ಎದ್ದು ಕೂರುತ್ತದೆ. ಕೊಂಡ ಲ್ಯಾನ್ ಕಾರ್ಡಿಗೆ ಈ ಸೌಲಭ್ಯ ಇದೆಯೇ ಅಂತ ಮೊದಲೇ ಕೇಳಿ, ಕೆಲವಕ್ಕೆ ಇರುವುದಿಲ್ಲ.

ಶುರು ಮಾಡುವವರು ಹಳೆಯ ಮದರ್‌ಬೋರ್ಡಿನ ಸಿಆರ್2032 ಬಿಲ್ಲೆ ಬ್ಯಾಟರಿಯನ್ನು ಮೊದಲ ದಿನವೇ ಬದಲಾಯಿಸಿಬಿಡಿ. ಅದು ಸತ್ತಿದ್ದರೆ ಗಡಿಯಾರ ವರ್ಷಗಟ್ಟಲೆ ಹಿಂದೆ ಹೋಗಿ ಫೈಲುಗಳ ದಿನಾಂಕವೆಲ್ಲ ಕೆಡುತ್ತದೆ, ವೇಕ್ ಆನ್ ಲ್ಯಾನ್ ಸೇರಿದಂತೆ ಬಯಾಸ್ ಸೆಟ್ಟಿಂಗುಗಳೂ ಅಳಿಸಿಹೋಗಬಹುದು. ಹಾಗೆಯೇ, ಹಳೆಯ ಯಂತ್ರದಲ್ಲಿ ಒಂದು ಪ್ರತಿ ಇದೆ ಅಂತ ಹೊಸದರಿಂದ ಏನನ್ನೂ ಅಳಿಸಬೇಡಿ. ಹಂಚಿದ ಫೋಲ್ಡರಿನ ಪೂರ್ತಿ ನಕಲನ್ನು ನಾನು ಹೊರಗಿನ ಡಿಸ್ಕಿಗೂ ತೆಗೆದು, ಕೇಬಲ್ ಕಿತ್ತು ಬೇರೆ ಕಡೆ ಇಡುತ್ತೇನೆ. ಸ್ವಿಚ್, ಲ್ಯಾನ್ ಕಾರ್ಡ್, ಸಾಂಬಾ ಮೂರಕ್ಕೂ ಐದಕ್ಕೆ ಐದು ಅಂಕ, ಕೆವಿಎಂಗೆ ನಾಲ್ಕು.