ಶೀಟ್ ಮುಚ್ಚಿದಾಗಲೆಲ್ಲ ಒಂದು ಪ್ರತಿ: ನಾಲ್ಕು ದಾರಿ ಹಿಡಿದು ನೋಡಿದೆ

ನಮ್ಮ ಅಪಾರ್ಟ್‌ಮೆಂಟಿನಲ್ಲಿ 24 ಮನೆ. ಮೇಂಟೆನೆನ್ಸ್ ಲೆಕ್ಕ ಬರೆಯುವ ಕೆಲಸ ನನ್ನ ತಲೆಗೆ ಬಂದು ಮೂರು ವರ್ಷ ಆಯಿತು. ಒಂದು ರಾತ್ರಿ, ಯಾರ ಬಾಕಿ ಜಾಸ್ತಿ ಅಂತ ನೋಡಲು ಹೋಗಿ ಬಾಕಿಯ ಕಾಲಂ ಒಂದನ್ನೇ ಸಾರ್ಟ್ ಮಾಡಿಬಿಟ್ಟೆ. ಎಕ್ಸೆಲ್ ಎಚ್ಚರಿಕೆ ಕೊಟ್ಟಿತ್ತು, ನಾನೇ ಓದದೆ ಒತ್ತಿದ್ದು. ಮನೆ ನಂಬರ್‌ಗಳು ಇದ್ದಲ್ಲೇ ಇದ್ದವು, ಮೊತ್ತಗಳು ಮಾತ್ರ ಅದಲು ಬದಲು. ಮೂರು ದಿನ ಬಿಟ್ಟು 302ರ ಆಂಟಿ 'ನಾನು ಕಟ್ಟಿದ್ದೀನಲ್ಲಪ್ಪಾ' ಅಂತ ಫೋನ್ ಮಾಡಿದಾಗಲೇ ಗೊತ್ತಾಗಿದ್ದು.

ಬ್ಯಾಕಪ್ ಇರಲಿಲ್ಲವೇ? ಇತ್ತು. ಎಕ್ಸೆಲ್‌ನ 'ಆಲ್ವೇಸ್ ಕ್ರಿಯೇಟ್ ಬ್ಯಾಕಪ್' ಆನ್ ಮಾಡಿಟ್ಟಿದ್ದೆ. ಸೇವ್ ಆ್ಯಸ್ ಕಿಟಕಿಯಲ್ಲಿ ಟೂಲ್ಸ್, ಅದರೊಳಗೆ ಜನರಲ್ ಆಪ್ಷನ್ಸ್, ಅಲ್ಲಿ ಅಡಗಿ ಕೂತಿರುತ್ತದೆ. ಆದರೆ ಅದು ಇಡುವುದು ಒಂದೇ ಪ್ರತಿ, ಹಿಂದಿನ ಸಲ ಸೇವ್ ಆಗಿದ್ದು. ನನಗೋ ಎರಡು ಸಾಲು ಬರೆದರೆ ಸಾಕು, ಬೆರಳು ತಾನಾಗಿ ಕಂಟ್ರೋಲ್ ಎಸ್ ಒತ್ತುತ್ತದೆ. ಕೆಟ್ಟ ಮೇಲೆ ಎರಡು ಸಲ ಒತ್ತಿದೆ, ಬ್ಯಾಕಪ್ಪೂ ಕೆಟ್ಟಿತು. ಬ್ಯಾಂಕ್ ಪಾಸ್‌ಬುಕ್ ಇಟ್ಟುಕೊಂಡು ಒಂದು ಭಾನುವಾರ ಪೂರ್ತಿ ಕೂತು ಸರಿ ಮಾಡಿದೆ.

ಮುಚ್ಚಿದಾಗಲೆಲ್ಲ ಬೇರೆಯದೇ ಒಂದು ಪ್ರತಿ ಉಳಿಯಬೇಕು ಅನ್ನಿಸಿದ್ದು ಆಗಲೇ. ಆಮೇಲೆ ಹಿಡಿದದ್ದು ಎಕ್ಸೆಲ್‌ನಂಥದ್ದೇ ಉಚಿತ ತಂತ್ರಾಂಶ ಲಿಬ್ರೆಆಫೀಸ್. ಫೈಲ್ ಮೆನುವಿನ ವರ್ಷನ್ಸ್ ಒಳಗೆ, ಮುಚ್ಚುವಾಗಲೆಲ್ಲ ಹೊಸ ವರ್ಷನ್ ಉಳಿಸು ಎಂಬ ಟಿಕ್ ಇದೆ. ಹುಡುಕುತ್ತಿದ್ದುದು ಇದನ್ನೇ ಅಲ್ವಾ ಅನ್ನಿಸಿತು. ಪ್ರತಿಯೊಂದರ ದಿನ, ಹೊತ್ತು ಪಟ್ಟಿಯಲ್ಲಿ ಬರುತ್ತದೆ, ಹಳೆಯದನ್ನು ತೆರೆದು ನೋಡಬಹುದು. ಒಂದು ವಾರ ಬಳಸಿ ಪಟ್ಟಿ ನೋಡಿದರೆ ಎರಡೇ ವರ್ಷನ್! ಕಾರಣ ಮತ್ತದೇ ನನ್ನ ಬೆರಳು. ಸೇವ್ ಮಾಡಿ, ಬೇರೇನೂ ಮುಟ್ಟದೆ ಮುಚ್ಚಿದರೆ ಬದಲಾವಣೆಯೇ ಇಲ್ಲ ಎಂದುಕೊಂಡು ಅದು ಹೊಸ ವರ್ಷನ್ ಮಾಡುವುದಿಲ್ಲ. ಸೇವ್ ಮಾಡದೆ ಮುಚ್ಚುವವರಿಗೆ ಮಾತ್ರ ಈ ಸೌಲಭ್ಯ ಅನ್ನಿ. ಇನ್ನೂ ಎರಡು ತೊಡಕು. ಇದು ಒಡಿಎಸ್‌ನಂಥ ಅದರದ್ದೇ ಫಾರ್ಮ್ಯಾಟಿಗೆ ಮಾತ್ರ, ಎಕ್ಸೆಲ್ ಫೈಲಿಗೆ ಇಲ್ಲ. ಮತ್ತೆ ಎಲ್ಲ ವರ್ಷನ್ನೂ ಅದೇ ಫೈಲಿನ ಹೊಟ್ಟೆಯೊಳಗೆ ಇರುತ್ತವೆ. ಫೈಲ್ ಹೋಯಿತೆಂದರೆ ಇತಿಹಾಸವೂ ಹೋಯಿತು. ಸೇವ್ ಆ್ಯಸ್ ಮಾಡಿ ಬೇರೆ ಹೆಸರು ಕೊಟ್ಟರೂ ಅಷ್ಟೇ, ಹಳೆ ವರ್ಷನ್‌ಗಳು ಹೊಸ ಫೈಲಿಗೆ ಬರುವುದಿಲ್ಲ.

ಗೂಗಲ್ ಶೀಟ್ಸ್‌ನಲ್ಲಿ ಈ ತಲೆನೋವೇ ಇಲ್ಲ. ಸೇವ್ ಎಂಬ ಗುಂಡಿಯೇ ಇಲ್ಲವಲ್ಲ. ವರ್ಷನ್ ಹಿಸ್ಟರಿ ತೆರೆದರೆ ಹಿಂದಿನ ಬದಲಾವಣೆಗಳು ಕಾಣುತ್ತವೆ. ಒಂದು ಸೆಲ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಯಾರು ಬದಲಿಸಿದರು ಅಂತಲೂ ಗೊತ್ತಾಗುತ್ತದೆ. ಇಬ್ಬರು ಮೂವರು ಸೇರಿ ಬರೆಯುವ ಲೆಕ್ಕಕ್ಕೆ ನಾನು ಇದನ್ನೇ ಹೇಳುವುದು. ನಮ್ಮ ಕಮಿಟಿಗೆ ಬೇಕಾಗಿದ್ದು ಬೇರೆ: ಪೆನ್ ಡ್ರೈವಿನಲ್ಲಿ ಆಡಿಟರ್ ಕೈಗೆ ಕೊಡಲು ನಂಬರ್ ಹಾಕಿದ ಫೈಲುಗಳು.

ಹಾಗಾಗಿ ಎಕ್ಸೆಲ್ ಮ್ಯಾಕ್ರೋ, ಅಂದರೆ ಎಕ್ಸೆಲ್ ಒಳಗೇ ಬರೆದಿಡುವ ಪುಟ್ಟ ಪ್ರೋಗ್ರಾಂ. 'ದಿಸ್ ವರ್ಕ್‌ಬುಕ್' ಎಂಬ ಕೋಡ್ ಪುಟದ ಒಳಗೆ ಬಿಫೋರ್ ಕ್ಲೋಸ್ ಎಂಬ ಈವೆಂಟ್ ಇದೆ, ಫೈಲ್ ಮುಚ್ಚುವ ಮುಂಚೆ ತಾನಾಗಿ ಓಡುವಂಥದ್ದು. ಅದರಲ್ಲಿ ಪ್ರತಿ ಉಳಿಸುವ ಆಜ್ಞೆ ಸೇವ್ ಕಾಪಿ ಆ್ಯಸ್ ಕರೆದರೆ ಮುಗಿಯಿತು. ನಾಲ್ಕೈದು ಸಾಲಿನ ಕೆಲಸ. ಅದರಲ್ಲೂ ಎರಡು ಸಲ ಎಡವಿದೆ. ಮೊದಲು, 'ಸೇವ್ ಆಗಿಲ್ಲದಿದ್ದರೆ ಮಾತ್ರ ಪ್ರತಿ ಮಾಡು' ಅಂತ ಬುದ್ಧಿವಂತಿಕೆ ತೋರಿಸಿದೆ. ಕಂಟ್ರೋಲ್ ಎಸ್ ಒತ್ತಿ ಮುಚ್ಚಿದೆ, ಪ್ರತಿ ಇಲ್ಲ. ಮತ್ತದೇ ಹಳ್ಳ. ಆ ಷರತ್ತು ಕಿತ್ತುಹಾಕಿದೆ. ಈಗ ಸುಮ್ನೆ ತೆರೆದು ನೋಡಿ ಮುಚ್ಚಿದರೂ ಒಂದು ಪ್ರತಿ ಬೀಳುತ್ತದೆ, ಬೀಳಲಿ.

ಎರಡನೆಯದು ನಂಬರಿನ ಕಥೆ. ಫೋಲ್ಡರಿನಲ್ಲಿ ಎಷ್ಟು ಫೈಲಿದೆ ಎಣಿಸು, ಒಂದು ಕೂಡಿಸು ಅಂತ ಬರೆದಿದ್ದೆ. 40 ಆದಾಗ ಹಳೆಯ ಹತ್ತನ್ನು ಅಳಿಸಿದೆ. ಉಳಿದದ್ದು 30, ಮುಂದಿನ ನಂಬರ್ 31. ಆ ಹೆಸರಿನ ಫೈಲ್ ಆಗಲೇ ಇತ್ತು! ಒಂದು ಮಾತೂ ಕೇಳದೆ ಅದರ ಮೇಲೇ ಬರೆದುಬಿಟ್ಟಿತು. ಈಗ ಎಣಿಸುವುದಿಲ್ಲ, ಇರುವುದರಲ್ಲಿ ದೊಡ್ಡ ನಂಬರ್ ಹುಡುಕಿ ಒಂದು ಕೂಡಿಸುತ್ತದೆ. ಪಕ್ಕದಲ್ಲಿ ದಿನಾಂಕವೂ ಇರುತ್ತದೆ.

ಮ್ಯಾಕ್ರೋ ಇರುವುದರಿಂದ ಫೈಲ್ ಎಕ್ಸ್‌ಎಲ್‌ಎಸ್‌ಎಂ (ಮ್ಯಾಕ್ರೋ ಉಳಿಯುವ ಎಕ್ಸೆಲ್ ಫಾರ್ಮ್ಯಾಟ್) ಆಗಿರಬೇಕು, ಪ್ರತಿಯ ಹೆಸರಿನ ಕೊನೆಗೂ ಅದೇ. ಮೇಲ್‌ನಲ್ಲಿ ಬಂದ ಫೈಲಿನಲ್ಲಿ ಮ್ಯಾಕ್ರೋ ಓಡಲು ಎಕ್ಸೆಲ್ ಬಿಡುವುದಿಲ್ಲ, ಪ್ರಾಪರ್ಟೀಸ್‌ಗೆ ಹೋಗಿ ಅನ್‌ಬ್ಲಾಕ್ ಮಾಡಬೇಕು. ಫೈಲ್ ಒನ್‌ಡ್ರೈವ್ (ಮೈಕ್ರೋಸಾಫ್ಟಿನ ಆನ್‌ಲೈನ್ ಸಂಗ್ರಹ) ಫೋಲ್ಡರಿನಲ್ಲಿದ್ದರೆ ಮ್ಯಾಕ್ರೋಗೆ ಸಿಗುವ ವಿಳಾಸ ವೆಬ್ ವಿಳಾಸವಾಗಿಬಿಡುತ್ತದೆ. ಆಗ ಫೋಲ್ಡರಿನಲ್ಲಿ ನಂಬರ್ ಹುಡುಕುವ ಸಾಲು ಕೈಕೊಡುತ್ತದೆ. ನಾನು ಡಿ ಡ್ರೈವಿನಲ್ಲಿ ಇಟ್ಟಿದ್ದೇನೆ.

ಮೊನ್ನೆ ಆಡಿಟರ್ ಕಡೆಯ ಹುಡುಗ ಪೆನ್ ಡ್ರೈವ್ ತೆರೆದು, 'ಸರ್, ಇಷ್ಟೊಂದು ಫೈಲಲ್ಲಿ ಯಾವುದು ನೋಡಲಿ?' ಅಂದ. ಕೊನೆಯ ನಂಬರಿನದ್ದು ಅಂದೆ.