ರೆಗ್ಯುಲೇಟರಿನ ತೇವಾಂಶ ಸಾಧನಗಳು: ಐದು ಹಂಗಾಮುಗಳ ಬಳಕೆಯ ನಂತರ

ಕಾಫಿ ಕೊಯ್ಲು ಆರಂಭವಾಗುವ ಮುನ್ನ ಒಮ್ಮೆ, ಕಾಫಿ ಗಿಡದಲ್ಲಿ ಹೂವರಳಿಸುವ ಹೂಮಳೆ ಬಿದ್ದ ಮೇಲೆ ಇನ್ನೊಮ್ಮೆ, ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿದು ಮಂಗಳೂರು, ಕುಂದಾಪುರ ದಾಟಿ ಮುರ್ಡೇಶ್ವರ ಸೇರಿ, ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಸ್ಕೂಬಾ ಡೈವಿಂಗ್ (ಬೆನ್ನಿಗೆ ಕಟ್ಟಿದ ಸಿಲಿಂಡರಿನ ಗಾಳಿ ಉಸಿರಾಡುತ್ತ ನೀರಿನಡಿ ಈಜುವುದು) ಮಾಡುವುದು ನನ್ನ ರೂಢಿ. ಮೊದಲ ವರ್ಷದಿಂದಲೂ ನನ್ನನ್ನು ಕಾಡಿದ್ದು ಆಳದ ಭಯವಲ್ಲ, ಬಾಯಿಯ ಪಸೆ ಆರುವುದು. ನೀರಿಗಿಳಿದು ಇಪ್ಪತ್ತು ನಿಮಿಷವಾಗುವಷ್ಟರಲ್ಲಿ ನಾಲಿಗೆ ಅಂಗುಳಿಗೆ ಅಂಟಿಕೊಂಡು, ಗಂಟಲು ಕೆರೆದು, ಗಾಳಿ ಬರುವ ಮೌತ್‌ಪೀಸ್ ಕಚ್ಚಿಕೊಂಡೇ ಕೆಮ್ಮಬೇಕಾಗುತ್ತಿತ್ತು. ಇದಕ್ಕೆ ಪರಿಹಾರವೆಂದು ಮಾರುವ ಎರಡು ಬಗೆಯ ಸಾಧನಗಳನ್ನು ಐದು ಹಂಗಾಮು ಬಳಸಿದ್ದೇನೆ. ಎರಡರ ಗುಣದೋಷಕ್ಕೂ ಅವುಗಳ ರಚನೆಯೇ ಕಾರಣವಾದ್ದರಿಂದ ಕಂಪನಿಗಳ ಹೆಸರು ಇಲ್ಲಿ ಮುಖ್ಯವಲ್ಲ.

ಸಿಲಿಂಡರಿನ ಗಾಳಿ ಒಣಗಿರುವುದು ಯಾರ ಅಜಾಗರೂಕತೆಯಿಂದಲೂ ಅಲ್ಲ. ತೇವ ಉಳಿದರೆ ಸಿಲಿಂಡರಿನ ಒಳಮೈ ತುಕ್ಕು ಹಿಡಿಯುತ್ತದೆ, ಗಾಳಿಯ ಒತ್ತಡ ಇಳಿಸಿ ಬಾಯಿಗೆ ಕೊಡುವ ರೆಗ್ಯುಲೇಟರ್ ತಣ್ಣೀರಿನಲ್ಲಿ ಹೆಪ್ಪುಗಟ್ಟಿ ಕೈಕೊಡಬಹುದು. ಆದ್ದರಿಂದ ಕಂಪ್ರೆಸರಿನಲ್ಲಿಯೇ ನೀರಿನಂಶವನ್ನು ಬೇರ್ಪಡಿಸಿ ತೆಗೆಯುತ್ತಾರೆ. ಮಾಸ್ಕ್ ಮೂಗನ್ನು ಮುಚ್ಚಿರುವುದರಿಂದ ಉಸಿರಿಗೆ ತೇವ ಕೊಡುವ ಮೂಗಿನ ಕೆಲಸವೆಲ್ಲ ಬಾಯಿ ಮತ್ತು ಗಂಟಲಿನ ಪಾಲಿಗೆ ಬರುತ್ತದೆ. ದೇಹದ 37 ಡಿಗ್ರಿ ಶಾಖದಲ್ಲಿ ಒಂದು ಲೀಟರ್ ಗಾಳಿ ತೇವದಿಂದ ತುಂಬಲು ಸುಮಾರು 44 ಮಿಲಿಗ್ರಾಂ ನೀರು ಬೇಕು. ನಿಮಿಷಕ್ಕೆ 18 ಲೀಟರಿನಂತೆ 45 ನಿಮಿಷ ಉಸಿರಾಡಿದರೆ ಹತ್ತಿರ ಹತ್ತಿರ 35 ಗ್ರಾಂ ಆಯಿತು. ಎರಡು ದೊಡ್ಡ ಚಮಚದಷ್ಟು ನೀರು ಎಂದರೆ ಅಲ್ಪವೆನಿಸಬಹುದು, ಆದರೆ ಅದಷ್ಟೂ ಹೋಗುವುದು ಬಾಯಿಯಿಂದ ಶ್ವಾಸಕೋಶದವರೆಗಿನ ತೆಳುವಾದ ಒಳಪೊರೆಯಿಂದ.

ನಾನು ಮೊದಲು ಕೊಂಡದ್ದು ಗಾಳಿ ತರುವ ಹೋಸ್ ಮತ್ತು ಸೆಕೆಂಡ್ ಸ್ಟೇಜ್ (ರೆಗ್ಯುಲೇಟರಿನ ಬಾಯಿಯ ಬಳಿಯ ಭಾಗ) ನಡುವೆ ತಿರುಗಿಸಿ ಕೂರಿಸುವ, ಹೆಬ್ಬೆರಳಿನ ಗಾತ್ರದ ಫಿಲ್ಟರ್. ಒಳಗಿನ ಸ್ಪಂಜನ್ನು ಕುಡಿಯುವ ನೀರಿನಲ್ಲಿ ನೆನೆಸಿಟ್ಟರೆ ಹಾದುಹೋಗುವ ಗಾಳಿ ತೇವವನ್ನು ಹೀರಿಕೊಂಡು ಬರುತ್ತದೆ ಎಂಬುದು ಅದರ ತತ್ತ್ವ. ಮೊದಲ ಐದಾರು ನಿಮಿಷ ಹಿತವೆನಿಸುತ್ತಿತ್ತು, ನಂತರ ಯಥಾಪ್ರಕಾರ. ಎರಡು ಹಂಗಾಮು ಕಳೆದ ಮೇಲೆ ಕಾಗದದ ಮೇಲೆ ಲೆಕ್ಕ ಹಾಕಿದಾಗ ಕಾರಣ ಹೊಳೆಯಿತು. ಹೋಸ್‌ನೊಳಗಿನ ಗಾಳಿ ಸುತ್ತಲಿನ ನೀರಿಗಿಂತ ಸುಮಾರು 10 ಬಾರ್ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ಕಡಲಮಟ್ಟದ ಗಾಳಿಯ ಒತ್ತಡ) ಹೆಚ್ಚಿನ ಒತ್ತಡದಲ್ಲಿರುತ್ತದೆ. ಹತ್ತು ಮೀಟರ್ ಆಳದಲ್ಲಿ ಅದು 12 ಬಾರ್‌ನಿಂದ ಸುತ್ತಲಿನ 2 ಬಾರ್‌ಗೆ ಇಳಿದು ಬಾಯಿಗೆ ಬರುವಾಗ ಆರು ಪಟ್ಟು ಹಿಗ್ಗುವುದರಿಂದ, ಅಲ್ಲಿ ಹೀರಿದ ಅಷ್ಟಿಷ್ಟು ತೇವವೂ ಆರು ಪಾಲಾಗಿ ಹಂಚಿಹೋಗುತ್ತದೆ. ಒಂದು ಲೋಟ ಡಿಕಾಕ್ಷನ್ನಿಗೆ ಐದು ಲೋಟ ನೀರು ಬೆರೆಸಿದಂತೆ.

ಆ ಫಿಲ್ಟರಿಗೆ ಕೊನೆ ಹಾಡಿದ್ದು ಮಾತ್ರ ನಮ್ಮ ಮಳೆಗಾಲ. ಜೂನ್‌ನಲ್ಲಿ ಚೀಲದೊಳಗೆ ಇಟ್ಟದ್ದನ್ನು ಸೆಪ್ಟೆಂಬರಿನಲ್ಲಿ ತೆರೆದಾಗ ಸ್ಪಂಜಿನ ತುಂಬ ಕಪ್ಪು ಚುಕ್ಕೆಗಳ ಬೂಷ್ಟು, ಮೂಗಿಗೆ ಹಿಡಿದರೆ ಒದ್ದೆ ಗೋಣಿಚೀಲದ ವಾಸನೆ. ಕಣದಲ್ಲಿ ಕಾಫಿಯ ತೇವ ಎಷ್ಟಿದೆಯೆಂದು ಮೀಟರ್ ಹಿಡಿದು ನೋಡುವ ಮನುಷ್ಯ ತಾನು ಉಸಿರಾಡುವ ವಸ್ತುವನ್ನು ಒಣಗಿಸದೆ ಕಟ್ಟಿಟ್ಟದ್ದು ಶುದ್ಧ ನನ್ನದೇ ತಪ್ಪು. ಬೂಷ್ಟು ಹಿಡಿದ ಸ್ಪಂಜನ್ನು ತೊಳೆದು ಮತ್ತೆ ಬಳಸುವ ಸಾಹಸ ಬೇಡ, ಅದು ನೇರ ಶ್ವಾಸಕೋಶದ ಸಂಗತಿ.

ಮೂರನೆಯ ಹಂಗಾಮಿನಿಂದ ಬಳಸುತ್ತಿರುವುದು ಉಸಿರಿನ ದಾರಿಯಲ್ಲಿಯೇ ಲೋಹದ ತೆಳು ಪಟ್ಟಿಗಳಿರುವ ಸೆಕೆಂಡ್ ಸ್ಟೇಜ್. ನಾವು ಬಿಡುವ ಉಸಿರಿನ ತೇವ ಆ ತಣ್ಣನೆಯ ಪಟ್ಟಿಗಳ ಮೇಲೆ ಹನಿಗಟ್ಟಿ ಕೂರುತ್ತದೆ, ಮುಂದಿನ ಉಸಿರು ಅದನ್ನು ಮರಳಿ ಒಳಗೆ ತರುತ್ತದೆ. ಇಲ್ಲಿ ಹಿಗ್ಗುವಿಕೆಯಿಂದ ತೇವ ಹಂಚಿಹೋಗುವ ತೊಂದರೆ ಇಲ್ಲ. ನಮ್ಮ ಬೆಚ್ಚನೆಯ ಕಡಲಿನಲ್ಲಿ ಪಟ್ಟಿಗಳು ಅಷ್ಟಾಗಿ ತಣಿಯದ ಕಾರಣ ಪೂರ್ಣ ಲಾಭ ಸಿಗುವುದಿಲ್ಲವಾದರೂ, ಗಂಟಲು ಕೆರೆಯುವುದು ನಲವತ್ತನೆಯ ನಿಮಿಷದವರೆಗೆ ಮುಂದಕ್ಕೆ ಹೋಗಿದೆ. ದೋಷವೂ ಉಂಟು. ನೀರಿನಡಿ ಮೌತ್‌ಪೀಸ್ ತೆಗೆದು ಮರಳಿ ಕಚ್ಚಿಕೊಂಡಾಗ ಪಟ್ಟಿಗಳ ಸಂದಿಯಲ್ಲಿ ಉಪ್ಪುನೀರು ಉಳಿದು, ಗಾಳಿ ಚಿಮ್ಮಿಸಿ ನೀರನ್ನು ಹೊರಹಾಕುವ ಪರ್ಜ್ ಗುಂಡಿಯನ್ನು ಎರಡು ಬಾರಿ ಒತ್ತದಿದ್ದರೆ ಮೊದಲ ಉಸಿರಿನೊಂದಿಗೆ ಉಪ್ಪಿನ ತುಂತುರು ನೇರವಾಗಿ ಕಿರುನಾಲಿಗೆಗೆ ಬಡಿಯುತ್ತದೆ.

ನಾಲ್ಕನೆಯ ಹಂಗಾಮಿನಲ್ಲಿ ಒಂದು ದಿನ ಈ ಸಾಧನವೂ ಸೋತಿತೆಂದು ಭಾವಿಸಿದ್ದೆ, ಬಾಯಿ ಅಷ್ಟರಮಟ್ಟಿಗೆ ಬತ್ತಿತ್ತು. ದೋಣಿಗೆ ಹಿಂತಿರುಗಿ ಯೋಚಿಸಿದಾಗ ನೆನಪಾದದ್ದು ಬೆಳಿಗ್ಗೆ ಅಲೆಗಳ ಅಬ್ಬರ ಕಂಡು ನುಂಗಿದ ವಾಂತಿ ತಡೆಯುವ ಮಾತ್ರೆ. ಅಂತಹ ಹಲವು ಮಾತ್ರೆಗಳು ಜೊಲ್ಲನ್ನು ಕಡಿಮೆ ಮಾಡುತ್ತವೆ. ಅಂದಿನಿಂದ ಮಾತ್ರೆಯ ವಿಷಯವನ್ನು ವೈದ್ಯರ ಬಳಿ ಮೊದಲೇ ಮಾತನಾಡಿಕೊಳ್ಳುತ್ತೇನೆ, ಹಿಂದಿನ ಸಂಜೆಯಿಂದಲೇ ನೀರು ಕುಡಿಯುತ್ತೇನೆ. ದೇಹದಲ್ಲಿ ನೀರು ಕಡಿಮೆಯಾದರೆ ಮೇಲೇರುವಾಗ ದೇಹದೊಳಗೆ ಅನಿಲದ ಗುಳ್ಳೆಗಳೇಳುವ ಡೀಕಂಪ್ರೆಷನ್ ಕಾಯಿಲೆಯ ಅಪಾಯವೂ ಹೆಚ್ಚಬಹುದೆಂದು ಡೈವಿಂಗ್ ಕಲಿಸುವವರು ಎಚ್ಚರಿಸುತ್ತಾರೆ. ಕೊಡಗಿನವನಾಗಿ ಬೆಳಗಿನ ಕಾಫಿಯನ್ನು ಬಿಡಲಾರೆ, ಒಂದು ಲೋಟಕ್ಕೆ ನಿಲ್ಲಿಸುತ್ತೇನೆ.

ಕಾಸು ಖರ್ಚಿಲ್ಲದ ಉಪಾಯವೊಂದನ್ನು ಹಳೆಯ ಡೈವರ್ ಒಬ್ಬರು ತೋರಿಸಿಕೊಟ್ಟರು. ನಾಲಿಗೆಯ ತುದಿಯನ್ನು ಮೇಲಿನ ಹಲ್ಲುಗಳ ಹಿಂದೆ, ಅಂಗುಳಿಗೆ ತಾಗಿಸಿ ಹಿಡಿದರೆ ಗಾಳಿ ನೇರವಾಗಿ ಗಂಟಲಿಗೆ ಹೊಡೆಯದೆ ನಾಲಿಗೆಯನ್ನು ಸುತ್ತಿಕೊಂಡು ಹೋಗುತ್ತದೆ, ಜೊಲ್ಲೂ ಊರುತ್ತದೆ. ನಿಧಾನವಾಗಿ ಉಸಿರಾಡುವುದನ್ನು ಇದರ ಜೊತೆಗೆ ಸೇರಿಸಿದರೆ ಫಿಲ್ಟರ್ ಕೊಟ್ಟದ್ದಕ್ಕಿಂತ ಹೆಚ್ಚಿನ ಹಿತ ಸಿಗುತ್ತದೆ. ಈಗಿನ ಸೆಕೆಂಡ್ ಸ್ಟೇಜನ್ನು ಪ್ರತಿ ಸಲ ಸಿಹಿನೀರಿನಲ್ಲಿ ನೆನೆಸಿ, ನೆರಳಿನಲ್ಲಿ ಎರಡು ದಿನ ಆರಿಸಿ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡುತ್ತಿದ್ದೇನೆ. ಕಳೆದ ಮೂರು ಮಳೆಗಾಲಗಳಲ್ಲಿ ಪಟ್ಟಿಗಳ ಮೇಲೆ ಒಂದು ಚುಕ್ಕೆಯೂ ಕಂಡಿಲ್ಲ.