ಉದ್ದ ನಳಿಗೆಯೋ, ಗಿಡ್ಡದ್ದೋ?

ಪುಣೆಯ ಬಾಲೇವಾಡಿ ಶೂಟಿಂಗ್ ರೇಂಜಿಗೆ ಹೊಸದಾಗಿ ಬರುವ ನಮ್ಮ ಕನ್ನಡದ ಹುಡುಗರು ಕೇಳುವುದು ಇದನ್ನೇ: .22 (ಗುಂಡಿನ ಅಡ್ಡಳತೆ ಸುಮಾರು 0.22 ಇಂಚು) ರೈಫಲ್‌ಗೆ 16 ಇಂಚಿನ ನಳಿಗೆ ಸಾಕೇ, 26 ಬೇಕೇ?

ಉದ್ದವಾದಷ್ಟೂ ವೇಗ ಹೆಚ್ಚು ಎಂಬುದು ಅರ್ಧ ಸತ್ಯ. ಮದ್ದು ಉರಿದು ಹುಟ್ಟಿದ ಅನಿಲ ಹಿಗ್ಗುತ್ತ ಗುಂಡನ್ನು ತಳ್ಳುತ್ತದೆ. ಹಿಗ್ಗಿದಂತೆ ಒತ್ತಡ ಇಳಿಯುತ್ತದೆ, ನಳಿಗೆಯ ಘರ್ಷಣೆ ಮಾತ್ರ ಬಿಡುವುದಿಲ್ಲ. .22ರಲ್ಲಿ ಮದ್ದು ಚಿಟಿಕೆಯಷ್ಟು. ಸುಮಾರು 16ರಿಂದ 19 ಇಂಚಿನೊಳಗೆ ವೇಗ ತುದಿ ಮುಟ್ಟುತ್ತದೆ. ಆಮೇಲೆ ತುಸು ಕಳೆದುಕೊಳ್ಳುವುದೂ ಉಂಟು. ಗುಂಡೂ ದಪ್ಪ, ಮದ್ದೂ ಹೆಚ್ಚಿರುವ .308 ರೈಫಲಿನ ಲೆಕ್ಕವೇ ಬೇರೆ: ಅಲ್ಲಿ ಪ್ರತಿ ಇಂಚೂ ಸೆಕೆಂಡಿಗೆ ಸುಮಾರು 5ರಿಂದ 8 ಮೀಟರ್ ಕೂಡಿಸುತ್ತದೆ.

ಹಾಗಾದರೆ .22ಕ್ಕೆ ಉದ್ದ ಏಕೆ? ಗುರಿ ಹಿಡಿಯಲು ನಳಿಗೆಯ ಮೇಲಿರುವ ಹಿಂದಿನ ಸೈಟಿಗೂ (ಗುರಿಕಿಂಡಿ) ತುದಿಯ ಸೈಟಿಗೂ ಅಂತರ ಹೆಚ್ಚಿದಷ್ಟೂ ಗುರಿಯ ತಪ್ಪು ಕಣ್ಣಿಗೆ ಬೇಗ ಕಾಣುತ್ತದೆ. 50 ಮೀಟರಿನ ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತದ ಅಡ್ಡಳತೆ ಬರೀ 10.4 ಮಿ.ಮೀ.! ಸೈಟಿನ ಅಂತರದ ಹಂಗಿಲ್ಲದೆ ದುರ್ಬೀನು ಹಾಕಿ ಹೊಡೆಯುವವರಿಗೆ, ಭಾರ ತಡೆಯದ ಹೊಸಬರಿಗೆ ನಾನು ಗಿಡ್ಡದ್ದನ್ನೇ ಹೇಳುತ್ತೇನೆ.